ಬೆಳಿಗ್ಗೆ ಡಿಸ್ಕ್ ಮಾಯ, ಹತ್ತು ಗಂಟೆಗೆ ಹಾಜರ್: ಯಾರಾದರೂ ದಾರಿ ತೋರಿಸಿ

ಸ್ಟುಡಿಯೋ_ಶಿರಸಿ · ಜುಲೈ 4, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಉಪನಯನ, ಯಕ್ಷಗಾನ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಎಲ್ಲದರ ಫೋಟೋ ವಿಡಿಯೋ ಒಂದೇ ಕಂಪ್ಯೂಟರಿನಲ್ಲಿ ಕೂತಿದೆ. ಆ ಕಂಪ್ಯೂಟರ್ ಹದಿನೈದು ದಿನದಿಂದ ನನ್ನನ್ನು ಆಟ ಆಡಿಸುತ್ತಿದೆ.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಸ್ವಿಚ್ ಒತ್ತಿದರೆ ಕಪ್ಪು ಸ್ಕ್ರೀನಿನ ಮೇಲೆ ಒಂದೇ ಸಾಲು: ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’. ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಪ್ರೋಗ್ರಾಂ) ಒಳಗೆ ಹೋಗಿ ನೋಡಿದರೆ ಒಂದು ದಿನ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಇಲ್ಲ. ಇನ್ನೊಂದು ದಿನ ಎಸ್‌ಎಸ್‌ಡಿ ಇದೆ, 2 ಟಿಬಿ ಹಾರ್ಡ್‌ಡಿಸ್ಕ್ ಇಲ್ಲ. ಮೊನ್ನೆ ಇರುವ ಮೂರು ಡಿಸ್ಕೂ ಇಲ್ಲ. ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿ, ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಏನೂ ಆಗದವರ ಹಾಗೆ ವಿಂಡೋಸ್ ಬಂದು ನಿಲ್ಲುತ್ತದೆ. ಆಮೇಲೆ ರಾತ್ರಿ ಎಂಟರವರೆಗೆ ಒಂದು ತಕರಾರಿಲ್ಲ.

ಐ5 4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್. ವಿಂಡೋಸ್ 10 ಇರುವುದು 240 ಜಿಬಿ ಎಸ್‌ಎಸ್‌ಡಿಯಲ್ಲಿ. ಜೊತೆಗೆ ಒಂದು 2 ಟಿಬಿ, ಒಂದು 8 ಟಿಬಿ ಹಾರ್ಡ್‌ಡಿಸ್ಕ್. ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಪವರ್ ಡಬ್ಬ) ಕ್ಯಾಬಿನೆಟ್ ಜೊತೆ ಬಂದದ್ದು, ಮೇಲೆ 450 ವ್ಯಾಟ್ ಎಂದು ಬರೆದಿದೆ. ಎಲ್ಲ ಸೇರಿ ಹತ್ತು ವರ್ಷ ಆಯಿತು. ಇಲ್ಲಿ ಒಬ್ಬರಿಗೆ ತೋರಿಸಿದೆ. ಅವರ ಅಂಗಡಿಯಲ್ಲಿ ಮೊದಲ ಸಲಕ್ಕೇ ಆನ್ ಆಯಿತು! ‘ಹಾರ್ಡ್‌ಡಿಸ್ಕ್ ಹೋಗ್ತಾ ಇದೆ, ಹೊಸದು ಹಾಕಿಸಿ’ ಅಂದರು. ಮೂರರಲ್ಲಿ ಯಾವುದು ಅಂತ ಕೇಳಿದರೆ ಉತ್ತರ ಇಲ್ಲ.

ಎಸ್‌ಪಿ_ರೋಡ್ · ಜುಲೈ 4, ಬೆಳಿಗ್ಗೆ 11:05

ಹತ್ತು ವರ್ಷದ ಡಬ್ಬ ಸಾರ್. ಒಂದು ಭಾನುವಾರ ಬೆಂಗಳೂರಿಗೆ ಬನ್ನಿ, ಎಸ್‌ಪಿ ರೋಡಿನಲ್ಲಿ ಹೊಸದು ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ವಾಪಸ್ ಹೋಗಿ.

ಸ್ಟುಡಿಯೋ_ಶಿರಸಿ · ಜುಲೈ 4, ಬೆಳಿಗ್ಗೆ 11:12

ಆಷಾಢ ಮಾರಾಯ್ರೆ. ಮದುವೆ ಇಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಕಾಸೂ ಇಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋದಲ್ಲಿ ದಿನ ದೂಡುತ್ತಿದ್ದೇನೆ.

ಹಳೇ_ಪೆಂಟಿಯಂ · ಜುಲೈ 4, ಮಧ್ಯಾಹ್ನ 1:30

ಮೈಸೂರಿನಲ್ಲಿ ಸರ್ವಿಸ್ ಅಂಗಡಿ ನಡೆಸಿ ಈಗ ನಿವೃತ್ತ. ನಿಧಾನಕ್ಕೆ ಓದಿ.

ಮೊದಲು ಈಗಲೇ, ಇವತ್ತೇ, ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ಜನರ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿ. ಡಿಸ್ಕ್ ಸರಿ ಇದೆಯೋ ಇಲ್ಲವೋ ಆಮೇಲೆ ನೋಡೋಣ. ಒಬ್ಬರ ಮದುವೆಯನ್ನು ಇನ್ನೊಮ್ಮೆ ಶೂಟ್ ಮಾಡೋಕಾಗಲ್ಲ, ಅಲ್ವಾ?

ಇನ್ನು ವಿಷಯಕ್ಕೆ. ಮೂರು ಡಿಸ್ಕ್ ಒಂದೇ ವಾರ ಕೆಡುವುದಿಲ್ಲ. ಮನೆಯಲ್ಲಿ ಮೂರು ಮಕ್ಕಳಿಗೂ ಒಂದೇ ದಿನ ಹೊಟ್ಟೆ ಕೆಟ್ಟರೆ ಮಕ್ಕಳನ್ನು ಬೈಯುತ್ತೀರಾ, ರಾತ್ರಿ ಊಟಕ್ಕೆ ಏನು ಮಾಡಿದ್ದರು ಅಂತ ಕೇಳುತ್ತೀರಾ? ಮೂರಕ್ಕೂ ಸೇರಿದ್ದು ಎರಡೇ: ಬೋರ್ಡು ಮತ್ತು ಎಸ್‌ಎಂಪಿಎಸ್. ಕೇಬಲ್ಲುಗಳು ಬೇರೆ ಬೇರೆ, ಆದರೂ ನೋಡಲೇಬೇಕು.

ಬಯಾಸ್‌ಗೇ ಡಿಸ್ಕ್ ಕಾಣದ ಮೇಲೆ ವಿಂಡೋಸ್‌ದು ತಪ್ಪಿಲ್ಲ. ಹಾಗಾಗಿ ಯಾರಾದರೂ ‘ಫಾರ್ಮ್ಯಾಟ್ ಹೊಡೆದುಬಿಡೋಣ’ ಅಂದರೆ ಮಷೀನ್ ಮುಟ್ಟಿಸಬೇಡಿ.

ಇವತ್ತಿನಿಂದ ಒಂದು ಕಾಗದ ಅಂಟಿಸಿ. ದಿನ, ಹೊತ್ತು, ಯಾವ ಡಿಸ್ಕ್ ಕಾಣಲಿಲ್ಲ, ಎಷ್ಟನೇ ಸಲಕ್ಕೆ ಬಂತು. ಒಂದು ವಾರ ಬರೆಯಿರಿ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ. ನಮ್ಮ ಹುಡುಗರು ಇಲ್ಲೇ ಎಡವುತ್ತಿದ್ದರು. ಕೇಬಲ್, ಬ್ಯಾಟರಿ, ರ್‍ಯಾಮ್ ಎಲ್ಲ ಒಟ್ಟಿಗೆ ಕಿತ್ತು ಹಾಕಿ ‘ಸರಿ ಹೋಯ್ತು ಸಾರ್’ ಅನ್ನುತ್ತಿದ್ದರು. ಯಾವುದರಿಂದ ಸರಿ ಹೋಯ್ತು ಅಂತ ಅವರಿಗೂ ಗೊತ್ತಿಲ್ಲ, ಮಷೀನಿಗೂ ಗೊತ್ತಿಲ್ಲ. ಇಪ್ಪತ್ತು ದಿನಕ್ಕೆ ಗಿರಾಕಿ ಮತ್ತೆ ಬಾಗಿಲಲ್ಲಿ.

ಪೆಂಗ್ವಿನ್_ಪ್ರಿಯ · ಜುಲೈ 4, ಸಂಜೆ 6:15

ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪ್ರೋಗ್ರಾಂ ಹಾಕಿ ಮೂರೂ ಡಿಸ್ಕಿನ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಹಾರ್ಡ್‌ಡಿಸ್ಕ್‌ಗಳಲ್ಲಿ ಮೂರು ಸಾಲು ಸಾಕು. 05, ಅಂದರೆ ಕೆಟ್ಟು ಬದಲಿಸಿದ ಸೆಕ್ಟರುಗಳು (ಡೇಟಾ ಕೂರುವ ಸಣ್ಣ ಜಾಗಗಳು). ಸಿ5, ಅಂದರೆ ಓದಲು ಒದ್ದಾಡುತ್ತಿರುವ ಸೆಕ್ಟರುಗಳು. ಇವೆರಡೂ ಸೊನ್ನೆ ಇದ್ದರೆ ಡಿಸ್ಕಿನ ಮೇಲೆ ಅನುಮಾನ ಕಡಿಮೆ ಮಾಡಬಹುದು. ಮೂರನೆಯದು ಸಿ7, ಸಿಆರ್‌ಸಿ ಎರರ್. ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಹಾಳಾದ ಡೇಟಾದ ಲೆಕ್ಕ ಅದು. ಜಾಸ್ತಿ ಇದ್ದರೆ ಹೆಚ್ಚಿನ ಸಲ ಕೇಬಲ್ ಕಳ್ಳ.

ಸಿ7 ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರುವುದು ನಿಂತಿತೇ ಅಂತ ಮಾತ್ರ ನೋಡಬೇಕು. ತುಂಬ ಜನ ಹೊಸ ಕೇಬಲ್ ಹಾಕಿ, ಸಂಖ್ಯೆ ಹಾಗೇ ಇದೆ ಅಂತ ಒಳ್ಳೇ ಡಿಸ್ಕನ್ನು ಎಸೆಯುತ್ತಾರೆ.

ಕಡಲ_ಕರೆ · ಜುಲೈ 4, ರಾತ್ರಿ 9:50

ನಮ್ಮ ಕುಂದಾಪುರದ ಕಡೆ ಇದು ಮಾಮೂಲಿ. ಉಪ್ಪುಗಾಳಿಗೆ ಪಿನ್ನುಗಳು ಕಪ್ಪಾಗುತ್ತವೆ. ಕಿತ್ತು ಮತ್ತೆ ಹಾಕಿದರೆ ಪಿನ್ ಮೇಲಿನ ಪದರ ಉಜ್ಜಿ ಹೋಗಿ ಒಂದು ತಿಂಗಳು ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ನಿಮ್ಮದು ಉಪ್ಪುಗಾಳಿ ಅಲ್ಲದಿದ್ದರೂ ಶಿರಸಿ ಮಳೆ ಗೊತ್ತಲ್ಲ. ಬೋರ್ಡಿನ ಬ್ಯಾಟರಿಯನ್ನೂ ಬದಲಿಸಿ, ಸಿಆರ್2032, ಹತ್ತಿರದ ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಹಳೇ_ಪೆಂಟಿಯಂ · ಜುಲೈ 4, ರಾತ್ರಿ 10:10

ಬ್ಯಾಟರಿ ಹೋಗಿದ್ದರೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಬಯಾಸ್ ಸೆಟ್ಟಿಂಗ್ ಅಳಿಸಿ ಹೋಗಿ ಸಾಟಾ (ಬೋರ್ಡಿಗೆ ಡಿಸ್ಕ್ ಜೋಡಿಸುವ ದಾರಿ) ಮೋಡ್ ಬದಲಾದರೂ ಡಿಸ್ಕ್ ಬಯಾಸ್‌ನಲ್ಲಿ ಕಾಣುತ್ತದೆ, ವಿಂಡೋಸ್ ನೀಲಿ ಸ್ಕ್ರೀನ್ ಕೊಡುತ್ತದೆ. ಇವರದು ಹಾಗಲ್ಲ. ಆದರೂ ಹಾಕಲಿ, ದುಬಾರಿ ಏನಲ್ಲ. ಆದರೆ ಬೇರೆ ದಿನ!

ಸ್ಟುಡಿಯೋ_ಶಿರಸಿ · ಜುಲೈ 10, ರಾತ್ರಿ 8:45

ಕಾಪಿ ಆಯಿತು. ಅಣ್ಣನ ಮಗನ ಲ್ಯಾಪ್‌ಟಾಪು, ಎರಡು ಯುಎಸ್‌ಬಿ ಡಿಸ್ಕು, ಎರಡು ರಾತ್ರಿ. ಎದೆ ಹಗುರಾಯಿತು.

ಕ್ಯಾಬಿನೆಟ್ ಮೇಲೆ ಅಂಟಿಸಿದ ಕಾಗದದಲ್ಲಿ ಇರುವುದು ಇದು:

ಶನಿವಾರ: ಎಸ್‌ಎಸ್‌ಡಿ ಇಲ್ಲ. ಮೂರನೇ ಸಲಕ್ಕೆ ಬಂತು.
ಭಾನುವಾರ: ರಜೆ.
ಸೋಮವಾರ: ಮೂರೂ ಇಲ್ಲ. ಐದನೇ ಸಲ.
ಮಂಗಳವಾರ: 2 ಟಿಬಿ ಇಲ್ಲ. ಎರಡನೇ ಸಲ. ಮಧ್ಯಾಹ್ನ ಊಟಕ್ಕೆ ಆಫ್ ಮಾಡಿ ಬಂದು ಆನ್ ಮಾಡಿದೆ, ಮೊದಲ ಸಲಕ್ಕೇ ಬಂತು.
ಬುಧವಾರ: ಎಸ್‌ಎಸ್‌ಡಿ ಮತ್ತು 8 ಟಿಬಿ ಇಲ್ಲ. ನಾಲ್ಕನೇ ಸಲ.
ಗುರುವಾರ: ಮೂರೂ ಇಲ್ಲ. ನಾಲ್ಕನೇ ಸಲ.

ಸ್ಮಾರ್ಟ್ ನೋಡಿದೆ. 05 ಮತ್ತು ಸಿ5 ಎರಡೂ ಡಿಸ್ಕಿನಲ್ಲಿ ಸೊನ್ನೆ. ಸಿ7 ಮಾತ್ರ 2 ಟಿಬಿಯಲ್ಲಿ 418! ಮಂಗಳವಾರ ಸಂಜೆ ಬಾಗಿಲು ಬಿಚ್ಚಿ ನೋಡಿದರೆ ಅದರ ಕೆಂಪು ಕೇಬಲ್ ಕ್ಯಾಬಿನೆಟ್ ಬಾಗಿಲಿಗೆ ಸಿಕ್ಕಿ ಮಡಿಸಿದ ಹಪ್ಪಳದಂತಾಗಿತ್ತು. ತುದಿಯಲ್ಲಿ ಹಿಡಿದುಕೊಳ್ಳುವ ಕ್ಲಿಪ್ಪೂ ಇಲ್ಲ. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದೆ. ಇವತ್ತಿಗೂ 418, ಒಂದೂ ಏರಿಲ್ಲ. ಆದರೆ ಗುರುವಾರ ಬೆಳಿಗ್ಗೆ ನೋಡಿದಿರಲ್ಲ, ಮೂರೂ ನಾಪತ್ತೆ.

ಹಳೇ_ಪೆಂಟಿಯಂ · ಜುಲೈ 10, ರಾತ್ರಿ 9:20

ಭೇಷ್. ಕೇಬಲ್ ಕೆಟ್ಟಿದ್ದು ನಿಜ, ಆದರೆ ಅದು ಬೇರೆ ರೋಗ. ಇಂಥ ಕಡೆಯೇ ಜನ ‘ಸಿಕ್ಕಿಬಿಟ್ಟಿತು’ ಅಂತ ಬಾಗಿಲು ಮುಚ್ಚುವುದು.

ಮಂಗಳವಾರ ಮಧ್ಯಾಹ್ನದ ಸಾಲಿಗೆ ಗೆರೆ ಎಳೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಅಂತ ನನಗನ್ನಿಸುತ್ತದೆ.

ಪೆಂಗ್ವಿನ್_ಪ್ರಿಯ · ಜುಲೈ 10, ರಾತ್ರಿ 9:40

ನಾನು ಫಾಸ್ಟ್ ಬೂಟ್ ಇರಬಹುದು ಅಂದುಕೊಂಡಿದ್ದೆ. ಹಾರ್ಡ್‌ಡಿಸ್ಕಿನ ತಟ್ಟೆ ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡ್ ಬೇಕು. ಅವಸರದ ಬಯಾಸ್ ಅಷ್ಟು ಹೊತ್ತು ಕಾಯದೆ ‘ಇಲ್ಲ’ ಅಂದುಬಿಡುತ್ತದೆ. ಎರಡನೇ ಸಲ ತಟ್ಟೆ ಆಗಲೇ ತಿರುಗುತ್ತಿರುತ್ತದೆ, ಹಾಗಾಗಿ ಸಿಗುತ್ತದೆ. ಆದರೆ ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನಿಲ್ಲ. ಅದೂ ಕಾಣೆಯಾಗುತ್ತಿದೆ ಅಂದ ಮೇಲೆ ನನ್ನ ಊಹೆ ವಾಪಸ್.

ಹೊಸಬ_ಹಾಸನ · ಜುಲೈ 11, ಬೆಳಿಗ್ಗೆ 7:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಂದೂ ಇದೇ ತೊಂದರೆ. ಹೊಸ ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೇ ಕೂರುವ ಕಾರ್ಡಿನಂಥದ್ದು) ಹಾಕಿದ ದಿನದಿಂದ ಹಳೇ ಹಾರ್ಡ್‌ಡಿಸ್ಕ್ ಕಾಣುತ್ತಿಲ್ಲ. ಒಂದು ಸಲವೂ ಕಾಣಲಿಲ್ಲ.

ಪೆಂಗ್ವಿನ್_ಪ್ರಿಯ · ಜುಲೈ 11, ಬೆಳಿಗ್ಗೆ 8:00

ಒಮ್ಮೆಯೂ ಕಾಣದಿದ್ದರೆ ಅದು ಬೇರೆ ತೊಂದರೆ. ತುಂಬ ಬೋರ್ಡುಗಳಲ್ಲಿ ಎಂ.2 ಸ್ಲಾಟೂ ಒಂದೆರಡು ಸಾಟಾ ಪೋರ್ಟೂ ಒಂದೇ ಲೇನ್ (ಡೇಟಾ ಓಡುವ ದಾರಿ) ಹಂಚಿಕೊಂಡಿರುತ್ತವೆ. ಅಲ್ಲಿ ಕಾರ್ಡ್ ಕೂತರೆ ಇಲ್ಲಿ ಪೋರ್ಟ್ ಬಂದ್. ಬೋರ್ಡಿನ ಮ್ಯಾನುಯಲ್‌ನಲ್ಲಿ ಯಾವ ಪೋರ್ಟ್ ಅಂತ ಬರೆದಿರುತ್ತದೆ. ಹಾರ್ಡ್‌ಡಿಸ್ಕ್ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ.

ಹೊಸಬ_ಹಾಸನ · ಜುಲೈ 11, ಬೆಳಿಗ್ಗೆ 8:25

ಬಂತು!! ಥ್ಯಾಂಕ್ಸ್ ಅಣ್ಣ. ಮೂರು ವಾರ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಸ್ಟುಡಿಯೋ_ಶಿರಸಿ · ಜುಲೈ 11, ಬೆಳಿಗ್ಗೆ 9:35

ಇವರ ಸಮಸ್ಯೆ ಒಂದು ಗಂಟೆಯೊಳಗೆ ಮುಗಿಯಿತು. ನಾನು ಇಲ್ಲಿ ನಾಲ್ಕನೇ ಸಲ ಬಟನ್ ಒತ್ತುತ್ತಾ ಕೂತಿದ್ದೇನೆ.

ಕಡಲ_ಕರೆ · ಜುಲೈ 11, ಬೆಳಿಗ್ಗೆ 11:15

ಬೋರ್ಡಿನ ಸಾಟಾ ಚಿಪ್ಪೇ ಹೋಗಿರಬಹುದಲ್ಲ? ಹಿಂದೆ ಇಂಟೆಲ್‌ದು ಏನೋ ದೊಡ್ಡ ಗಲಾಟೆ ಆಗಿತ್ತು.

ಹಳೇ_ಪೆಂಟಿಯಂ · ಜುಲೈ 11, ಮಧ್ಯಾಹ್ನ 12:40

ಆಗಿತ್ತು. 2011ರ ಜನವರಿ 31ರಂದು ಇಂಟೆಲ್ ಕಂಪನಿಯೇ ಒಪ್ಪಿಕೊಂಡಿತು. ‘ಕೂಗರ್ ಪಾಯಿಂಟ್’ ಅನ್ನುವ 6 ಸರಣಿಯ ಚಿಪ್‌ಸೆಟ್. ಒಳಗಿನ ಒಂದು ಟ್ರಾನ್ಸಿಸ್ಟರಿಗೆ ತಾಳಲಾರದಷ್ಟು ವೋಲ್ಟೇಜ್ ಹೋಗುತ್ತಿತ್ತು. ಕಾಲ ಕಳೆದ ಹಾಗೆ 3 ಗಿಗಾಬಿಟ್ ಸಾಟಾ ಪೋರ್ಟುಗಳು ಸೊರಗುತ್ತಿದ್ದವು. 6 ಗಿಗಾಬಿಟ್‌ನ ಎರಡು ಪೋರ್ಟಿಗೆ ಏನೂ ಆಗುತ್ತಿರಲಿಲ್ಲ. ಬದಲಿಸಿ ಕೊಡುವ ಖರ್ಚೇ 70 ಕೋಟಿ ಡಾಲರ್ ಆಗಬಹುದು ಅಂದಿದ್ದರು. ನಮ್ಮ ಅಂಗಡಿಯಿಂದಲೂ ಆಗ ಬೋರ್ಡುಗಳು ವಾಪಸ್ ಹೋದವು.

ಆದರೆ ಶಿರಸಿಯವರ ಎಚ್81 ಬೋರ್ಡ್ 8 ಸರಣಿಯದು. ಆ ದೋಷ ಅದಕ್ಕೂ ಮುಂಚೆಯೇ ಸರಿಪಡಿಸಿದ್ದು. ಅದೂ ಅಲ್ಲದೆ ಆ ರೋಗ ಬಂದ ಪೋರ್ಟು ಮಧ್ಯಾಹ್ನ ಊಟ ಆದ ಮೇಲೆ ಗುಣವಾಗುತ್ತಿರಲಿಲ್ಲ!

ಸ್ಟುಡಿಯೋ_ಶಿರಸಿ · ಜುಲೈ 14, ಬೆಳಿಗ್ಗೆ 9:20

ಒಂದು ವಿಚಿತ್ರ ಹೇಳುತ್ತೇನೆ, ನಗಬಾರದು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಲೆನ್ಸುಗಳಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ನಾವು ಮರದ ಪೆಟ್ಟಿಗೆಯಲ್ಲಿ ಲೆನ್ಸ್ ಇಟ್ಟು, ಒಳಗೊಂದು ಝೀರೋ ಬಲ್ಬ್ ಉರಿಸಿ ಬಿಡುತ್ತೇವೆ. ಹೆಸರಿಗೆ ಝೀರೋ, ತಿನ್ನುವುದು ಸುಮಾರು 15 ವ್ಯಾಟ್. ಒಳಗೆ ಬೆಚ್ಚಗೆ ಇರುತ್ತದೆ, ತೇವ ನಿಲ್ಲುವುದಿಲ್ಲ. ಶನಿವಾರ ರಾತ್ರಿ ಬೇಜಾರಿಗೆ ಆ ಬಲ್ಬನ್ನೇ ತೆಗೆದು ಕಂಪ್ಯೂಟರ್ ಕ್ಯಾಬಿನೆಟ್ಟಿನೊಳಗೆ, ಎಸ್‌ಎಂಪಿಎಸ್ ಕೆಳಗೆ ನೇತುಹಾಕಿ, ಬಾಗಿಲು ಮುಚ್ಚಿ ಮನೆಗೆ ಹೋದೆ. ವೈರಿಗೆ ತಾಗದ ಹಾಗೆ ನೋಡಿಕೊಂಡಿದ್ದೇನೆ.

ಭಾನುವಾರ ಸುಮ್ನೆ ಬಂದು ಆನ್ ಮಾಡಿದೆ. ಮೊದಲ ಸಲಕ್ಕೇ ಮೂರೂ ಡಿಸ್ಕ್. ಇವತ್ತು ಸೋಮವಾರ, ಇವತ್ತೂ ಮೊದಲ ಸಲಕ್ಕೇ! ತೇವವೇ ಕಾರಣ ಅಂತಾಯಿತಲ್ಲ?

ಕಡಲ_ಕರೆ · ಜುಲೈ 14, ಬೆಳಿಗ್ಗೆ 9:45

ನಾನು ಹೇಳಿರಲಿಲ್ಲವಾ! ತೇವ, ಪಿನ್ನಿನ ಕಿಲುಬು. ರಬ್ಬರ್ ಹಾಕಿ ಉಜ್ಜಿ ಎಲ್ಲವನ್ನೂ.

ಎಸ್‌ಪಿ_ರೋಡ್ · ಜುಲೈ 14, ಬೆಳಿಗ್ಗೆ 10:00

ಕಂಪ್ಯೂಟರಿಗೆ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದೀರಿ ಸಾರ್.

ಬೆಸುಗೆ_ಕಡ್ಡಿ · ಜುಲೈ 14, ಮಧ್ಯಾಹ್ನ 2:30

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಟಿವಿ, ಎಸ್‌ಎಂಪಿಎಸ್, ಯುಪಿಎಸ್ ರಿಪೇರಿ ನನ್ನ ಕಸುಬು. ಇಷ್ಟು ದಿನ ಓದುತ್ತಿದ್ದೆ, ಬಲ್ಬಿನ ಕಥೆ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ ನೋಡಿ.

ಬಲ್ಬ್ ಎರಡು ಕೆಲಸ ಮಾಡಿದೆ: ತೇವ ಓಡಿಸಿದೆ, ಬಿಸಿ ಮಾಡಿದೆ. ಯಾವುದರಿಂದ ಗುಣ ಅಂತ ಇನ್ನೂ ಗೊತ್ತಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. 8 ಟಿಬಿ ಡಿಸ್ಕ್ ಯಾವಾಗ ಹಾಕಿದಿರಿ? ಆಷಾಢಕ್ಕೆ ಮುಂಚೆ ರಾತ್ರಿ ಕಂಪ್ಯೂಟರ್ ಆಫ್ ಮಾಡುತ್ತಿದ್ದಿರಾ? ನಿಮ್ಮ ಊರಿನವರ ಅಂಗಡಿಗೆ ತೋರಿಸಲು ಒಯ್ದಾಗ ಎಷ್ಟು ಹೊತ್ತಾಗಿತ್ತು?

ಸ್ಟುಡಿಯೋ_ಶಿರಸಿ · ಜುಲೈ 14, ಮಧ್ಯಾಹ್ನ 2:50

ನಮಸ್ಕಾರ ಮೇಡಂ. 8 ಟಿಬಿ ಮೇ ಕೊನೆಯಲ್ಲಿ ಸೇರಿಸಿದ್ದು. ಏಪ್ರಿಲ್ ಮೇ ಪೂರ್ತಿ ಮದುವೆ ಸೀಸನ್, ರಾತ್ರಿಯಿಡೀ ವಿಡಿಯೋ ರೆಂಡರ್ ಆಗುತ್ತಿತ್ತು. ಜೂನ್ ನಡುವಿನವರೆಗೂ ಬಾಕಿ ಕೆಲಸ ಇತ್ತು. ಕಂಪ್ಯೂಟರ್ ಆಫ್ ಆಗಿದ್ದೇ ಇಲ್ಲ ಅನ್ನಬಹುದು. ಈಗ ಕೆಲಸ ಇಲ್ಲ, ರಾತ್ರಿ ಆಫ್ ಮಾಡಿ ಹೋಗುತ್ತೇನೆ. ತೋರಿಸಲು ಒಯ್ದದ್ದು ಮಧ್ಯಾಹ್ನ. ಬೆಳಿಗ್ಗೆ ಒಂದಿಷ್ಟು ಕೆಲಸ ಮುಗಿಸಿ, ಬೈಕ್ ಮೇಲೆ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಹೋಗಿದ್ದೆ.

ಬೆಸುಗೆ_ಕಡ್ಡಿ · ಜುಲೈ 14, ಸಂಜೆ 4:10

ಅಂದರೆ ಅವರು ನೋಡಿದ್ದು ಬಿಸಿ ಇದ್ದ ಮಷೀನ್. ಅದಕ್ಕೇ ಅವರಿಗೆ ಏನೂ ಕಾಣಲಿಲ್ಲ.

ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರೊಳಗೆ ಕರೆಂಟನ್ನು ನಯ ಮಾಡುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳಿರುತ್ತವೆ. ಅವುಗಳಲ್ಲಿ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಅದು ಆರುತ್ತಾ ಬರುತ್ತದೆ, ಒಳಗಿನ ತಡೆ ಏರುತ್ತದೆ. ಥಂಡಿ ಇದ್ದಾಗ ಆ ತಡೆ ಇನ್ನೂ ಜಾಸ್ತಿ, ಬೆಚ್ಚಗಾದರೆ ಕಡಿಮೆ. ಹಾಗಾಗಿ ಮುದಿ ಕೆಪಾಸಿಟರಿಗೆ ಬೆಳಿಗ್ಗೆ ಎದ್ದೇಳುವುದೇ ಕಷ್ಟ. ನೀವು ಪ್ರತಿ ಸಲ ಬಟನ್ ಒತ್ತಿದಾಗ ಅದು ಚೂರು ಚೂರು ಬಿಸಿಯಾಗುತ್ತದೆ. ನಾಲ್ಕನೇ ಸಲಕ್ಕೆ ನಡೆಯುವಷ್ಟಾಗುತ್ತದೆ. ನಿಮ್ಮ ಕಾಗದ ಹೇಳುತ್ತಿರುವುದು ಇದನ್ನೇ. ಬೇಸಿಗೆಯಲ್ಲಿ ಅದು ತಣ್ಣಗಾಗಲು ನೀವು ಬಿಟ್ಟೇ ಇರಲಿಲ್ಲ, ಅದಕ್ಕೆ ರೋಗ ಮುಚ್ಚಿಹೋಗಿತ್ತು.

ಇದರ ಮೇಲೆ 8 ಟಿಬಿಯ ಹೊರೆ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಕೆಲವು ಸೆಕೆಂಡ್ 12 ವೋಲ್ಟ್ ಲೈನಿನಿಂದ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ 4. ಎಸ್‌ಎಸ್‌ಡಿ ಬದುಕುವುದು 5 ವೋಲ್ಟ್‌ನಲ್ಲಿ, ಹಾರ್ಡ್‌ಡಿಸ್ಕಿನ ಚಿಪ್ಪುಗಳಿಗೂ ಅದೇ 5 ವೋಲ್ಟ್ ಬೇಕು.

ಊಹೆ ಸಾಕು, ಅಳೆಯಿರಿ. ಮಲ್ಟಿಮೀಟರ್ ಡಿಸಿ 20ಕ್ಕೆ ಇಡಿ. ಖಾಲಿ ಇರುವ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್‌ನಲ್ಲಿ ಕಪ್ಪು ಮತ್ತು ಕೆಂಪು ನಡುವೆ 5 ವೋಲ್ಟ್, ಕಪ್ಪು ಮತ್ತು ಹಳದಿ ನಡುವೆ 12. ಹೆಚ್ಚುಕಡಿಮೆ ಶೇ. 5ರವರೆಗೆ ಕ್ಷಮೆ ಇದೆ. ಅಂದರೆ 5ರದು 4.75ಕ್ಕಿಂತ ಕೆಳಗೆ ಇಳಿಯಬಾರದು, 12ರದು 11.4ಕ್ಕಿಂತ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗದಂತೆ ಹಿಡಿಯಿರಿ.

ಬಲ್ಬ್ ತೆಗೆದು ರಾತ್ರಿ ತಣ್ಣಗಾಗಲು ಬಿಡಿ. ಒಂದು ಬೆಳಿಗ್ಗೆ ಮನೆಯವರ ಹೇರ್ ಡ್ರೈಯರ್ ತಂದು, ಕಡಿಮೆ ಬಿಸಿಯಲ್ಲಿ, ಬೋರ್ಡಿಗೆ ಮಾತ್ರ ಐದು ನಿಮಿಷ ಗಾಳಿ ಬಿಟ್ಟು ಆನ್ ಮಾಡಿ. ಮರುದಿನ ಎಸ್‌ಎಂಪಿಎಸ್‌ಗೆ ಮಾತ್ರ.

ಸ್ಟುಡಿಯೋ_ಶಿರಸಿ · ಜುಲೈ 17, ಬೆಳಿಗ್ಗೆ 10:15

ಹೇರ್ ಡ್ರೈಯರ್ ಸ್ಟುಡಿಯೋದಲ್ಲೇ ಇದೆ, ಮದುಮಗಳ ಮೇಕಪ್‌ಗೆ ಬೇಕಾಗುತ್ತದೆ.

ಮಂಗಳವಾರ, ಏನೂ ಬಿಸಿ ಮಾಡದೆ: ಆನ್ ಮಾಡಿದ ಕೂಡಲೇ ಕೆಂಪು ವೈರಿನಲ್ಲಿ 4.58. ಮೂರು ಡಿಸ್ಕೂ ಇಲ್ಲ. ಐದು ನಿಮಿಷ ಆನ್ ಇಟ್ಟು ನೋಡುತ್ತಿದ್ದೆ, 4.60, 4.65, 4.71 ಅಂತ ಏರುತ್ತಾ ಹೋಯಿತು. ಹತ್ತು ನಿಮಿಷಕ್ಕೆ 4.86. ರೀಸೆಟ್ ಒತ್ತಿದೆ, ವಿಂಡೋಸ್ ಬಂತು. 12ರದು 11.6ರ ಆಸುಪಾಸು ಇತ್ತು.

ಬುಧವಾರ, ಬೋರ್ಡಿಗೆ ಗಾಳಿ: ವ್ಯತ್ಯಾಸ ಇಲ್ಲ. 4.59, ಎಸ್‌ಎಸ್‌ಡಿ ನಾಪತ್ತೆ.

ಇವತ್ತು, ಎಸ್‌ಎಂಪಿಎಸ್ ಜಾಲರಿಗೆ ಗಾಳಿ: 4.84. ಮೊದಲ ಸಲಕ್ಕೇ ಮೂರೂ ಬಂದವು. ಹೆಂಡತಿ ಪಕ್ಕದಲ್ಲಿ ನಿಂತು ‘ಇದಕ್ಕೂ ಮೇಕಪ್ಪಾ’ ಅಂದಳು.

ಬೆಸುಗೆ_ಕಡ್ಡಿ · ಜುಲೈ 17, ಬೆಳಿಗ್ಗೆ 10:50

ಇನ್ನೇನು ಬೇಕು? ಮೀಟರ್ ತೋರಿಸುವುದು ಸರಾಸರಿ ಮಾತ್ರ. ಅದರ ಕೆಳಗೆ ಏರಿಳಿತ ಎಷ್ಟಿದೆ ಅಂತ ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಗಾಬರಿಯಾಗುತ್ತದೆ.

ಅದನ್ನು ಬಿಚ್ಚಬೇಡಿ ಅಣ್ಣ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಕೆಪಾಸಿಟರ್ ಬದಲಿಸಿ ಇನ್ನೆರಡು ವರ್ಷ ಓಡಿಸಬಹುದು, ನಾನೂ ಮಾಡಿಕೊಡುತ್ತೇನೆ. ಆದರೆ ಜನರ ಮದುವೆ ಇರುವ ಮಷೀನಿಗೆ ಬೇಡ ಅನ್ನುತ್ತೇನೆ. ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗಾಯಿತು, ಇರಲಿ! ಹೊಸದು ತಗೊಳ್ಳಿ. ಕ್ಯಾಬಿನೆಟ್ ಜೊತೆ ಬರುವ ಹಗುರ ಡಬ್ಬ ಬೇಡ. 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ದರ್ಜೆ) ಇರುವ, ಐದು ವರ್ಷ ವಾರಂಟಿ ಕೊಡುವ 450 ವ್ಯಾಟ್‌ದು ನಿಮಗೆ ಧಾರಾಳ ಸಾಕು.

ಕಡಲ_ಕರೆ · ಜುಲೈ 17, ಬೆಳಿಗ್ಗೆ 11:30

ನಮ್ಮ ಯುಪಿಎಸ್ ಕರೆಂಟ್ ಹೋದಾಗ ಬದಲಾಗುವಾಗಲೂ ಹೀಗೆ ಡಿಸ್ಕ್ ಹೋಗಬಹುದಾ ಅಕ್ಕ?

ಬೆಸುಗೆ_ಕಡ್ಡಿ · ಜುಲೈ 17, ಮಧ್ಯಾಹ್ನ 12:05

ಆಗ ಸಾಮಾನ್ಯವಾಗಿ ಇಡೀ ಕಂಪ್ಯೂಟರೇ ರೀಸ್ಟಾರ್ಟ್ ಆಗುತ್ತದೆ, ಡಿಸ್ಕ್ ಮಾತ್ರ ಹೋಗುವುದು ಕಡಿಮೆ. ಕೆಪಾಸಿಟರ್ ಗಟ್ಟಿ ಇದ್ದರೆ ಹದಿನಾರು ಹದಿನೇಳು ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್ ಕೆಲವು ಅದಕ್ಕಿಂತ ನಿಧಾನ.

ಸ್ಟುಡಿಯೋ_ಶಿರಸಿ · ಜುಲೈ 23, ರಾತ್ರಿ 9:10

ಹೊಸ ಎಸ್‌ಎಂಪಿಎಸ್ ಬಂತು. ಎತ್ತಿ ನೋಡಿದರೆ ಹಳೆಯದರ ಎರಡರಷ್ಟು ಭಾರ. ಇವತ್ತು ಸಂಜೆ ಕೂರಿಸಿದೆ. 5.04, 12.1. ಎಸ್‌ಎಸ್‌ಡಿ, 2 ಟಿಬಿ ಕಣ್ಣು ಮಿಟುಕಿಸುವುದರೊಳಗೆ ಬಂದವು.

8 ಟಿಬಿ ಸತ್ತು ಹೋಗಿದೆ. ತಿರುಗುವ ಸದ್ದೇ ಇಲ್ಲ. ಕೈ ಇಟ್ಟರೆ ನಡುಕವೂ ಇಲ್ಲ. ಹತ್ತು ಸಲ ಆನ್ ಆಫ್ ಮಾಡಿದೆ. ನಿನ್ನೆ ರಾತ್ರಿ ಹಳೇ ಎಸ್‌ಎಂಪಿಎಸ್‌ನಲ್ಲಿ ಚೆನ್ನಾಗಿತ್ತು. ಹೊಸದೇ ಸುಟ್ಟು ಹಾಕಿತಾ? ಕಾಪಿ ಇದೆ ಅಂತ ಉಸಿರಾಡುತ್ತಿದ್ದೇನೆ.

ಎಸ್‌ಪಿ_ರೋಡ್ · ಜುಲೈ 23, ರಾತ್ರಿ 9:18

ನಾನು ಏನೂ ಹೇಳುವುದಿಲ್ಲ ಸಾರ್.

ಪೆಂಗ್ವಿನ್_ಪ್ರಿಯ · ಜುಲೈ 23, ರಾತ್ರಿ 9:30

ತಡೀರಿ, ತಡೀರಿ. ಆ 8 ಟಿಬಿ ಮೊದಲು ಎಲ್ಲಿತ್ತು? ಅಂಗಡಿಯಿಂದ ಬಿಡಿಯಾಗಿ ತಂದದ್ದಾ? ಹಳೇ ಎಸ್‌ಎಂಪಿಎಸ್‌ಗೆ ಹೇಗೆ ಜೋಡಿಸಿದ್ದಿರಿ?

ಸ್ಟುಡಿಯೋ_ಶಿರಸಿ · ಜುಲೈ 23, ರಾತ್ರಿ 9:36

ಯುಎಸ್‌ಬಿ ಎಕ್ಸ್‌ಟರ್ನಲ್ ಆಗಿತ್ತು. ಅದರ ಪೋರ್ಟ್ ಸಡಿಲವಾಯಿತು ಅಂತ ಚಿಪ್ಪು ಒಡೆದು ಡಿಸ್ಕ್ ಮಾತ್ರ ಒಳಗೆ ಹಾಕಿದೆ. ಹಳೆಯದರಲ್ಲಿ ಸಾಟಾ ಪವರ್ ಪ್ಲಗ್ ಎರಡೇ ಇದ್ದವು. ಅದಕ್ಕೆ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಸಣ್ಣ ವೈರ್ ಹಾಕಿದ್ದೆ. ಹೊಸದರಲ್ಲಿ ಪ್ಲಗ್ ಬೇಕಾದಷ್ಟಿವೆ, ಆ ವೈರ್ ತೆಗೆದು ನೇರವಾಗಿ ಹಾಕಿದೆ.

ಪೆಂಗ್ವಿನ್_ಪ್ರಿಯ · ಜುಲೈ 23, ರಾತ್ರಿ 9:55

ಡಿಸ್ಕ್ ಸತ್ತಿಲ್ಲ. ‘ಸುಮ್ಮನಿರು’ ಅಂತ ಅದಕ್ಕೆ ಆಜ್ಞೆ ಹೋಗುತ್ತಿದೆ, ಅಷ್ಟೇ.

ಸಾಟಾ ಪವರ್ ಪ್ಲಗ್‌ನಲ್ಲಿ 15 ಪಿನ್. ಮೊದಲ ಮೂರು ಹಿಂದೆ 3.3 ವೋಲ್ಟ್‌ಗೆ ಮೀಸಲು. ಯಾವ ಡಿಸ್ಕೂ ಅದನ್ನು ಬಳಸುತ್ತಿರಲಿಲ್ಲ ಅನ್ನಬಹುದು. 2016ರ ಸಾಟಾ 3.3 ನಿಯಮದಲ್ಲಿ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು, ಪವರ್ ಡಿಸೇಬಲ್. ಅಲ್ಲಿ ವೋಲ್ಟೇಜ್ ಇದ್ದರೆ ಡಿಸ್ಕ್ ಆಫ್. ಡೇಟಾ ಸೆಂಟರಿನವರಿಗೆ ಅನುಕೂಲ, ಹಠ ಹಿಡಿದ ಡಿಸ್ಕನ್ನು ಕೂತಲ್ಲಿಂದಲೇ ಆಫ್ ಮಾಡಿ ಆನ್ ಮಾಡಬಹುದು. ದೊಡ್ಡ ಎಕ್ಸ್‌ಟರ್ನಲ್ ಡಬ್ಬಗಳೊಳಗೆ ಇಂಥ ಡಿಸ್ಕ್ ಇರುವುದುಂಟು. ನಿಮ್ಮ ಎಸ್‌ಎಂಪಿಎಸ್ ಹಳೇ ಪದ್ಧತಿಯಂತೆ ಆ ಪಿನ್ನಿಗೆ 3.3 ವೋಲ್ಟ್ ಕೊಡುತ್ತಲೇ ಇದೆ. ಮೋಲೆಕ್ಸ್‌ನಲ್ಲಿ 5 ಮತ್ತು 12 ಮಾತ್ರ, 3.3 ಇಲ್ಲವೇ ಇಲ್ಲ. ಅದಕ್ಕೇ ಅಷ್ಟು ದಿನ ನಡೆಯಿತು.

ಈಗಲೇ ಆ ಸಣ್ಣ ವೈರ್ ಮತ್ತೆ ಹಾಕಿ ನೋಡಿ.

ಸ್ಟುಡಿಯೋ_ಶಿರಸಿ · ಜುಲೈ 23, ರಾತ್ರಿ 10:20

ತಿರುಗಿತು!!! ಮನೆಗೆ ಹೊರಟವನು ಅಂಗಡಿಗೆ ವಾಪಸ್ ಬಂದಿದ್ದೆ. ಜಾತ್ರೆಯ ಫೋಲ್ಡರ್ ತೆಗೆದು ರಥದ ಫೋಟೋ ನೋಡಿ ಕೈ ಮುಗಿದೆ.

ಬೆಸುಗೆ_ಕಡ್ಡಿ · ಜುಲೈ 24, ಬೆಳಿಗ್ಗೆ 8:15

ಆ ವೈರನ್ನು ಖಾಯಂ ಬಿಡಬೇಡಿ. ತುದಿಯ ಪ್ಲಾಸ್ಟಿಕ್ ಒಂದೇ ಎರಕದಲ್ಲಿ, ಗಟ್ಟಿ ಉಂಡೆಯ ಹಾಗೆ ಇದೆಯಾ? ಅಂಥವುಗಳಲ್ಲಿ ತಂತಿಗಳು ಒಳಗೇ ಒಂದಕ್ಕೊಂದು ತಾಗಿ ಕರಗಿ, ಬೆಂಕಿ ಹತ್ತಿದ ಉದಾಹರಣೆಗಳಿವೆ. ಮೊಬೈಲ್ ರಿಪೇರಿಯವರ ಹತ್ತಿರ ಕಂದು ಬಣ್ಣದ ಹೀಟ್ ಟೇಪ್ ಇರುತ್ತದೆ, ಕ್ಯಾಪ್ಟಾನ್ ಅಂತಾರೆ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಡಿಸ್ಕಿನ ಪವರ್ ಕನೆಕ್ಟರಿನಲ್ಲಿ ಡೇಟಾ ಕನೆಕ್ಟರ್ ಕಡೆಯಿಂದ ಎಣಿಸಿ ಮೊದಲ ಮೂರು ಪಿನ್ ಮುಚ್ಚಿ. ಮೂರೂ 3.3ರವೇ, ಮುಚ್ಚಿದರೆ ನಷ್ಟ ಇಲ್ಲ. ನಾಲ್ಕನೆಯದನ್ನು ಮುಚ್ಚಬೇಡಿ, ಅದು ಗ್ರೌಂಡ್. ಆಮೇಲೆ ನೇರ ಪ್ಲಗ್ ಹಾಕಿ.

ಸ್ಟುಡಿಯೋ_ಶಿರಸಿ · ಆಗಸ್ಟ್ 3, ಸಂಜೆ 5:40

ಟೇಪ್ ಅಂಟಿಸಿದೆ. ಅಕ್ಕಿಕಾಳಿಗಿಂತ ಚಿಕ್ಕ ತುಂಡು. ಭೂತಗನ್ನಡಿ, ಚಿಮಟ, ಮೂರು ಪ್ರಯತ್ನ. ಮೊದಲೆರಡು ಸಲ ಪ್ಲಗ್ ತಳ್ಳುವಾಗ ಮುದುಡಿ ಹೋಯಿತು. ಹತ್ತು ದಿನದಿಂದ ಪ್ರತಿ ಬೆಳಿಗ್ಗೆ ಮೊದಲ ಸಲಕ್ಕೇ ಮೂರು ಡಿಸ್ಕೂ ಇವೆ. ಕಾಗದ ಇನ್ನೂ ಅಂಟಿಸಿಯೇ ಇದೆ, ಈಗ ಅದರಲ್ಲಿ ಬರೀ ಟಿಕ್ ಮಾರ್ಕ್. ಸಿ7 ಇನ್ನೂ 418.

ಎಲ್ಲರಿಗೂ ಥ್ಯಾಂಕ್ಸ್. ಬೆಸುಗೆ ಮೇಡಂ, ಹಳೇ ಎಸ್‌ಎಂಪಿಎಸ್ ಬೇಕಿದ್ದರೆ ಹುಬ್ಬಳ್ಳಿ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಹಳೇ_ಪೆಂಟಿಯಂ · ಆಗಸ್ಟ್ 3, ಸಂಜೆ 6:00

ಎರಡನೇ ಕಾಪಿ ಅಳಿಸಬೇಡಿ.

ಎಸ್‌ಪಿ_ರೋಡ್ · ಆಗಸ್ಟ್ 3, ಸಂಜೆ 6:20

ಝೀರೋ ಬಲ್ಬ್ ಏನಾಯಿತು ಸಾರ್?

ಸ್ಟುಡಿಯೋ_ಶಿರಸಿ · ಆಗಸ್ಟ್ 3, ಸಂಜೆ 6:32

ಅದನ್ನು ಯಾಕೆ ಕೇಳ್ತೀರಿ. ಎಲ್ಲ ಗಡಿಬಿಡಿಯಲ್ಲಿ ಅದನ್ನು ಪೆಟ್ಟಿಗೆಗೆ ವಾಪಸ್ ಹಾಕುವುದನ್ನೇ ಮರೆತಿದ್ದೆ. ಮೊನ್ನೆ ತೆಗೆದು ನೋಡಿದರೆ 50 ಎಂಎಂ ಲೆನ್ಸಿನೊಳಗೆ ಬೂಷ್ಟು, ಜೇಡರ ಬಲೆಯ ಹಾಗೆ. ಲೆನ್ಸ್ ಬಿಚ್ಚಿ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?